ಮೂರು ವರ್ಷದ ಸೂಜಿಮದ್ದು

"ನಿಲ್ಸೀ...! ಆ ಮರ ಮುಟ್ಟಬೇಡಿ!"

ಒತೀಲಿಯಾ ಕೂಗಿದಳು. ಆದರೆ ಆ ಕೂಗು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ಬೆಟ್ಟದಿಂದ ಸೊಂದಾ ಗಾಳಿ ಇಳಿದಿತ್ತು. ಆ ಒಣ ಬಿಸಿಗಾಳಿಗೆ ಸಿಕ್ಕಿ ಅಕ್ಟೋಬರ್ ತಿಂಗಳ ಆಲಿವ್ ತೋಟ ಮೈಮೇಲೆ ಬಂದಂತೆ ತಲೆ ಕೊಡವುತ್ತಿತ್ತು. ಪ್ರತಿ ಕೊಂಬೆಯಿಂದಲೂ ಹಳದಿ ಹೂಪುಡಿ ಹೊಗೆಯ ಹಾಗೆ ಏಳುತ್ತಿತ್ತು.

ಮೂಗಿಗೆ ಕಟ್ಟಿಕೊಂಡಿದ್ದ ಬಟ್ಟೆ ಎಲ್ಲಿ ಬಿತ್ತೋ ಅವಳಿಗೆ ಗೊತ್ತಾಗಲಿಲ್ಲ. ಅವಳ ಕಣ್ಣಿಗೆ ಕಾಣುತ್ತಿದ್ದದ್ದು ಒಂದೇ. ಅಮ್ಮ ನೆಟ್ಟ ಮರ... ಆ ಮರದ ಬುಡದಲ್ಲಿ ಗರಗಸ ಹಿಡಿದು ನಿಂತ ಅಪರಿಚಿತ ಗಂಡಸು!

"ಯಾರ್ರೀ ನೀವು? ಯಾರನ್ನ ಕೇಳಿ..."

ಮಾತು ಅಲ್ಲೇ ನಿಂತಿತು. ಉಸಿರೂ ನಿಂತಿತು.

ಎದೆಯೊಳಗೆ ಯಾರೋ ಬಾಗಿಲು ಹಾಕಿ ಚಿಲಕ ಜಡಿದ ಹಾಗಾಯಿತು. ಎಳೆದುಕೊಂಡಷ್ಟೂ ಗಾಳಿ ಒಳಗೆ ಬರುತ್ತಿಲ್ಲ. ಸೀಟಿ ಊದಿದಂಥ ಸಣ್ಣ ಸದ್ದು ಮಾತ್ರ. ಮೊಣಕಾಲು ಮಡಚಿಕೊಂಡವು.

ಆ ಗಂಡಸು ಗರಗಸ ಎಸೆದು ಓಡಿ ಬಂದ. "ಏನಾಯ್ತು? ಏನ್ರೀ ಆಯ್ತು ನಿಮಗೆ? ಹೂವಾ? ಹೂವಿನ ಪುಡಿಯಾ?"

ಅವಳು ತಲೆಯಾಡಿಸಿದಳು.

"ಅದು ಗೊತ್ತಿದ್ದೂ ಈ ಗಾಳೀಲಿ ತೋಟದೊಳಗೆ ಓಡಿ ಬಂದ್ರಾ? ತಲೆ ಸರಿಯಾಗಿದೆಯಾ ನಿಮಗೆ?"

ಬೈಯುತ್ತಲೇ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ತನ್ನ ಲಾರಿಯಲ್ಲಿ ಕೂರಿಸಿ, ಕಿಟಕಿಗಳನ್ನು ಏರಿಸಿ, ಊರ ಆಸ್ಪತ್ರೆಯ ಕಡೆ ಹಾರಿಸಿಕೊಂಡು ಹೋದ. ದಾರಿಯುದ್ದಕ್ಕೂ ಅವನು ಒಂದೇ ಮಾತು ಹೇಳುತ್ತಿದ್ದ. "ಕಣ್ಣು ಮುಚ್ಚಬೇಡಿ... ದಯವಿಟ್ಟು ಕಣ್ಣು ಮುಚ್ಚಬೇಡಿ..."

ಅರೆಪ್ರಜ್ಞೆಯಲ್ಲೂ ಅವಳಿಗೆ ಆಶ್ಚರ್ಯವಾಗಿತ್ತು. ಇವನಿಗೆ ನಾನು ಯಾರೋ... ಇವನ ದನಿ ಯಾಕೆ ಹೀಗೆ ನಡುಗುತ್ತಿದೆ?

* * *

ಅವನ ಹೆಸರು ರಮೀರೊ. ಕಸಿ ಕಟ್ಟುವವನು. ದಕ್ಷಿಣದ ಸಾನ್ ಹುವಾನ್ ಕಡೆಯವನಂತೆ. ಒಂದು ಸೀಸನ್ ಇಲ್ಲಿ, ಒಂದು ಸೀಸನ್ ಅಲ್ಲಿ. ಮೂವತ್ತಮೂರು ವಯಸ್ಸಾದರೂ ಯಾವ ಊರಿನಲ್ಲೂ ನಿಂತವನಲ್ಲ. ಅವನನ್ನು ಕರೆಸಿದ್ದು ಬೆನೀತಾ ದೊಡ್ಡಮ್ಮ.

"ಹೌದು ಕಣೇ, ನಾನೇ ಕರೆಸಿದ್ದು!" ಆಸ್ಪತ್ರೆಯ ಮಂಚದ ಪಕ್ಕ ಕೂತು ದೊಡ್ಡಮ್ಮ ಗುಡುಗಿದಳು. ತಾಯಿ ತೀರಿಕೊಂಡ ಮೇಲೆ ಒತೀಲಿಯಾಳನ್ನು ಸಾಕಿದವಳು ಅವಳೇ. "ನಿನ್ನ ಕೋಣೆ ಕಿಟಕಿಗೇ ಅಂಟಿಕೊಂಡಿದೆ ಆ ಮರ. ತಲೆ ಕತ್ತರಿಸಿ ಕಸಿ ಕಟ್ಟಿಸಿದ್ರೆ ಎರಡು ಮೂರು ವರ್ಷ ಹೂ ಬಿಡಲ್ಲ. ಅಷ್ಟಾದ್ರೂ ನೀನು ಉಸಿರಾಡ್ಕೊಂಡಿರ್ಲಿ ಅಂತ! ನಿಮ್ಮಮ್ಮ ಇದ್ದಿದ್ರೂ ಅದನ್ನೇ ಮಾಡ್ತಿದ್ಲು."

"ದೊಡ್ಡಮ್ಮ... ನಮ್ಮ ಐಮೊಗಾಸ್ತಾ ಊರಲ್ಲಿ ಎಷ್ಟು ಮರ ಇದೆ? ಅದೊಂದನ್ನ ಕಡಿಸಿದ್ರೆ?"

ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ರಮೀರೊ ಕೆಮ್ಮಿದ.

"ಆ ಮರ ನಾನು ಮುಟ್ಟಲ್ಲ ಬಿಡಿ, ಅಮ್ಮ. ಉಳಿದದ್ದು ಕಟ್ತೀನಿ." ಆಮೇಲೆ ಒತೀಲಿಯಾಳ ಕಡೆ ತಿರುಗಿದ. "ಆದ್ರೆ ನೀವೂ ಒಂದು ಮಾತು ಕೊಡ್ಬೇಕು. ಹೂ ಉದುರೋವರೆಗೂ ಮನೆ ಬಿಟ್ಟು ಹೊರಗೆ ಬರಬಾರ್ದು."

"ನೀವ್ಯಾರ್ರೀ ನನಗೆ ಹೇಳೋಕೆ?"

"ನಿಮ್ಮನ್ನ ಹೊತ್ಕೊಂಡು ಓಡಿದವನು. ಭಾರ ಇದ್ದೀರಿ. ಇನ್ನೊಂದು ಸಲ ಆಗಲ್ಲ!"

ಅವಳಿಗೆ ಕೋಪವೂ ಬಂತು, ನಗುವೂ ಬಂತು. ನಕ್ಕರೆ ಕೆಮ್ಮು ಬಂತು.

* * *

ಆಮೇಲಿನ ಐದು ವಾರ ಅವಳಿಗೆ ಜೈಲು.

ಬಾಗಿಲು ಮುಚ್ಚಿದೆ, ಕಿಟಕಿ ಮುಚ್ಚಿದೆ, ಸಂದಿಗೆಲ್ಲ ಒದ್ದೆ ಬಟ್ಟೆ. ಒಳಗೆ ಒತೀಲಿಯಾ ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ. ಪುಸ್ತಕ ತೆಗೆದರೆ ಓದಲಾಗದು, ಹೊಲಿಗೆ ತೆಗೆದರೆ ಕಣ್ಣಲ್ಲಿ ನೀರು. ಮಾತ್ರೆ ನುಂಗಿದರೆ ನಿದ್ದೆ, ಎದ್ದರೆ ಸೀನು. ಇಪ್ಪತ್ತೊಂಬತ್ತು ವಯಸ್ಸಿನಲ್ಲಿ ಪ್ರತಿ ವರ್ಷದ ಒಂದು ಪಾಲು ಹೀಗೇ ಕಳೆದುಹೋಗುತ್ತಿದೆಯಲ್ಲ ಎಂದು ಲೆಕ್ಕ ಹಾಕಿದರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಆ ಜೈಲಿಗೆ ಒಬ್ಬನೇ ಭೇಟಿಗಾರ. ಸಂಜೆಯ ಹೊತ್ತಿಗೆ ಕೆಲಸ ಮುಗಿಸಿ ಬರುತ್ತಿದ್ದ. ಮೊದಲು ಅಂಗಳದ ನಲ್ಲಿಯಲ್ಲಿ ತಲೆ ತೊಳೆದು, ಲಾರಿಯ ಹಿಂದೆ ಹೋಗಿ ಬೇರೆ ಅಂಗಿ ಹಾಕಿಕೊಂಡು, ಬೂಟು ಹೊರಗೆ ಬಿಟ್ಟು, ಆಮೇಲೆ ಬಾಗಿಲು ತಟ್ಟುವುದು.

"ಇಷ್ಟು ಸ್ನಾನ ಮಾಡೋ ಕೂಲಿಯವನನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ!" ದೊಡ್ಡಮ್ಮ ಯೆರ್ಬಾ ಎಲೆಯ ಕಷಾಯಕ್ಕೆ ನೀರು ಕಾಯಿಸುತ್ತಾ ಚುಡಾಯಿಸುತ್ತಿದ್ದಳು. "ನಮ್ಮ ಬಾವಿ ಬತ್ತಿಸ್ತೀಯೇನಪ್ಪಾ?"

"ಧೂಳು, ಅಮ್ಮ... ಮೈಯೆಲ್ಲ ಧೂಳು."

"ಹ್ಞೂಂ ಹ್ಞೂಂ. ಧೂಳು!"

ಒಂದೇ ಸೋರೆಬುರುಡೆಯ ಕಷಾಯ ಮೂವರ ಕೈಯಲ್ಲೂ ಸುತ್ತುತ್ತಿತ್ತು. 'ನೀವು' ಅನ್ನುವುದು ಯಾವ ದಿನ 'ನೀನು' ಆಯಿತೋ ಇಬ್ಬರಿಗೂ ನೆನಪಿಲ್ಲ. ಆದರೆ ಆ ಬಾಗಿಲ ಸದ್ದಿಗೆ ಕಾಯುವುದೇ ದಿನದ ಕೆಲಸವಾಗಿಬಿಟ್ಟಿದೆ ಎಂದು ಒತೀಲಿಯಾಳಿಗೆ ಗೊತ್ತಾಗಿತ್ತು. ಗೊತ್ತಾಗಿ ಹೆದರಿಕೆಯಾಗಿತ್ತು.

'ಹೋಗುವವನು... ಕಸಿ ಹಿಡಿದ ತಕ್ಷಣ ಹೊರಟುಹೋಗುವವನು. ಮನಸ್ಸೇ, ಸುಮ್ಮನಿರು!'

ಒಂದು ಸಂಜೆ ದೊಡ್ಡಮ್ಮ ಪೇಟೆಗೆ ಹೋಗಿದ್ದಳು. ಒತೀಲಿಯಾ ಹಸಿವೆಂದು ಒಲೆಯ ಪಕ್ಕದ ಬಾಟಲಿಯಿಂದ ಎಣ್ಣೆ ಬಗ್ಗಿಸಿ, ಬ್ರೆಡ್ ಅದ್ದಿ ತಿಂದಳು. ರಮೀರೊ ಅವಳನ್ನೇ ನೋಡುತ್ತಾ ನಿಂತುಬಿಟ್ಟ.

"ಚೆನ್ನಾಗಿದೆಯಾ?"

"ಹ್ಞೂಂ. ನಮ್ಮ ತೋಟದ್ದೇ ಅಲ್ವಾ? ಬೇಕಾ ನಿನಗೂ?"

ಅವನು ನಿಧಾನವಾಗಿ ಬಂದು ಬ್ರೆಡ್ ಅವಳ ಕೈಯಿಂದ ತೆಗೆದಿಟ್ಟ.

"ಒತೀಲಿಯಾ... ಅದು ನಾನು ಗರಗಸಕ್ಕೆ ಸವರೋಕೆ ಇಟ್ಕೊಂಡಿರೋ ಎಣ್ಣೆ. ಮೂರು ವರ್ಷದ್ದು. ಕಮಟು ಹಿಡಿದಿದೆ. ಬಾಗಿಲಲ್ಲಿ ನಿಂತ್ರೂ ನನ್ನ ಮೂಗಿಗೆ ಬಡೀತಿದೆ."

ಅವಳು ಬಾಟಲಿ ಎತ್ತಿ ಮೂಸಿದಳು, ಯಾವ ವಾಸನೆಯೂ ಬರಲಿಲ್ಲ.

ಒತೀಲಿಯಾ ಊರಿನ ಎಣ್ಣೆ ಸಂಘದಲ್ಲಿ ರುಚಿ ನೋಡುವವಳು. ನೀಲಿ ಗಾಜಿನ ಕಪ್ಪಿನಲ್ಲಿ ಎಣ್ಣೆ ಬೆಚ್ಚಗೆ ಮಾಡಿ, ಮೂಸಿ, ಇದು ಎಳೆ ಕಾಯಿಯದು, ಇದು ನೆಲಕ್ಕೆ ಬಿದ್ದ ಕಾಯಿಯದು, ಇದು ಕಮಟು ಎಂದು ಹೇಳುವುದೇ ಅವಳ ಕೆಲಸ. ಅವಳು ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ. ಜಿಲ್ಲೆಯಲ್ಲೇ ಅಂಥ ಮೂಗು ಇನ್ನೊಂದಿಲ್ಲ ಎನ್ನುತ್ತಿದ್ದರು.

"ಯಾವಾಗಿಂದ?" ರಮೀರೊ ಕೇಳಿದ.

"ಹೋದ ವರ್ಷ ಡಿಸೆಂಬರ್‌ಗೆ ವಾಪಸ್ ಬಂದಿತ್ತು ವಾಸನೆ. ಅದರ ಹಿಂದಿನ ವರ್ಷ ನವೆಂಬರ್‌ಗೇ ಬಂದಿತ್ತು. ಪ್ರತಿ ಸಲ ಲೇಟಾಗ್ತಿದೆ, ರಮೀರೊ..." ಅವಳು ಬಾಟಲಿ ದೂರ ತಳ್ಳಿದಳು. "ಒಂದು ವರ್ಷ ಬರದೇ ಹೋದ್ರೆ? ಆಮೇಲೆ ನಾನ್ಯಾರು?"

ಅವನು ಆ ಬಾಟಲಿ ತೆಗೆದುಕೊಂಡು ಹೋಗಿ ಹೊರಗೆ ಚೆಲ್ಲಿ ಬಂದ. ಬಂದವನು ಅವಳ ಪಕ್ಕ ಕೂತ. ಅವಳು ಅತ್ತಷ್ಟು ಹೊತ್ತೂ ಕೂತಿದ್ದ.

"ಯಾರಿಗೂ ಹೇಳಬೇಡ."

"ಹೇಳಲ್ಲ. ಆದ್ರೆ ಡಾಕ್ಟರ್‌ಗೆ ನೀನು ಹೇಳ್ಬೇಕು."

* * *

ಹೂ ಉದುರಿ ಮುಗಿದ ಮೇಲೆ ದೊಡ್ಡಮ್ಮ ಅವಳನ್ನು ಬಸ್ಸಿನಲ್ಲಿ ಲಾ ರಿಯೋಹಾ ಪಟ್ಟಣಕ್ಕೆ ಕರೆದುಕೊಂಡು ಹೋದಳು. ಅಲರ್ಜಿ ಡಾಕ್ಟರ್ ಬ್ರಿಸುವೇಲಾ ಗಿಡ್ಡ ಹೆಂಗಸು. ಮಾತು ಕಡಿಮೆ. ಒತೀಲಿಯಾಳ ಮೊಣಕೈ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು, ಒಂದೊಂದು ಹನಿ ಬಿಟ್ಟು, ಹನಿಯ ಮೇಲೆ ಸಣ್ಣಗೆ ಚುಚ್ಚಿದರು. ಧೂಳು, ಬೆಕ್ಕಿನ ಕೂದಲು, ಹುಲ್ಲು, ಆಲಿವ್... ಹದಿನೈದು ನಿಮಿಷದಲ್ಲಿ ಉಳಿದ ಕಡೆ ಏನೂ ಇಲ್ಲ. ಆಲಿವ್ ಹನಿ ಬಿದ್ದ ಕಡೆ ಮಾತ್ರ ಕೆಂಪಗೆ ಊದಿಕೊಂಡು, ತುರಿಸಿ ತುರಿಸಿ ಪ್ರಾಣ ಹೋಯಿತು!

"ಎರಡು ದಾರಿ," ಡಾಕ್ಟರ್ ಹೇಳಿದರು. "ಮೊದಲನೇದು, ಹೀಗೇ ಮಾತ್ರೆ, ಮೂಗಿನ ಸ್ಪ್ರೇ, ಇನ್ಹೇಲರ್. ಅವು ಅವತ್ತಿನ ಕಾಟಕ್ಕೆ. ಎರಡನೇದು, ಸೂಜಿಮದ್ದು. ಯಾವ ಹೂಪುಡಿ ನಿಮಗೆ ಆಗಲ್ವೋ ಅದನ್ನೇ ತೀರಾ ಸ್ವಲ್ಪ ಸ್ವಲ್ಪ ಮೈಗೆ ಕೊಡ್ತಾ, ಮೈಗೆ ಅಭ್ಯಾಸ ಮಾಡಿಸೋದು. ಮೊದಲ ಕೆಲವು ತಿಂಗಳು ವಾರ ವಾರ. ಆಮೇಲೆ ತಿಂಗಳಿಗೊಂದು. ಕಡಿಮೆ ಅಂದ್ರೂ ಮೂರು ವರ್ಷ."

"ಮೂರು ವರ್ಷಾ?!" ದೊಡ್ಡಮ್ಮ ಎದೆ ಮುಟ್ಟಿಕೊಂಡಳು. "ನಮ್ಮ ಕಾಲದಲ್ಲಿ ತಲೆದಿಂಬಿನ ಪಕ್ಕ ಈರುಳ್ಳಿ ಹೆಚ್ಚಿಟ್ರೆ ಹೋಗ್ತಿತ್ತು!"

"ಹೋಗ್ತಿತ್ತಾ, ಅಮ್ಮ?"

"...ಇಲ್ಲ," ದೊಡ್ಡಮ್ಮ ಒಪ್ಪಿಕೊಂಡಳು.

ಒತೀಲಿಯಾ ಕೇಳಿದಳು, "ಮೂರು ವರ್ಷ ಹಾಕಿಸ್ಕೊಂಡ್ರೆ ಪೂರ್ತಿ ಹೋಗುತ್ತಾ?"

"ಪೂರ್ತಿ ಅಂತ ಮಾತು ಕೊಡಲ್ಲ. ಬಹಳ ಜನಕ್ಕೆ ತುಂಬಾ ಕಮ್ಮಿಯಾಗುತ್ತೆ, ನಿಲ್ಲಿಸಿದ ಮೇಲೂ ಎಷ್ಟೋ ವರ್ಷ ಹಾಗೇ ಇರುತ್ತೆ. ಕೆಲವರಿಗೆ ಏನೂ ಆಗಲ್ಲ."

"ಅಪಾಯ?"

"ಇದೆ. ಅಪರೂಪಕ್ಕೆ ಮದ್ದಿಗೇ ಮೈ ತಿರುಗಿ ಬೀಳುತ್ತೆ. ಅದಕ್ಕೇ ಮನೇಲಿ ಹಾಕಿಸ್ಕೊಳ್ಳೋ ಹಾಗಿಲ್ಲ. ಇಲ್ಲೇ, ನಮ್ಮ ಕಣ್ಣೆದುರು. ಹಾಕಿಸ್ಕೊಂಡ ಮೇಲೆ ಅರ್ಧ ಗಂಟೆ ಏಳೋ ಹಾಗಿಲ್ಲ. ಮೊದಲು ನಿಮ್ಮ ದಮ್ಮು ಹತೋಟಿಗೆ ಬರಲಿ. ಯೋಚನೆ ಮಾಡಿ. ಫೆಬ್ರವರಿ ಕೊನೆ ಒಳಗೆ ಹೇಳಿದ್ರೆ ಮಾರ್ಚ್‌ಗೆ ಶುರು ಮಾಡಬಹುದು."

ವಾಪಸ್ ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಒತೀಲಿಯಾ ಯೋಚಿಸುತ್ತಲೇ ಇದ್ದಳು. ವಾರ ವಾರ ನೂರು ಚಿಲ್ಲರೆ ಕಿಲೋಮೀಟರ್. ಮೂರು ವರ್ಷ. ಅದೂ ಫಲ ಸಿಕ್ಕರೆ ಸಿಕ್ಕಿತು. ಮಾಡಲಾ? ಬೇಡವಾ? ಹ್ಞೂಂ ಅಂದರೆ ಭಯ, ಊಹ್ಞೂಂ ಅಂದರೂ ಭಯ!

* * *

ಜನವರಿಯ ಒಂದು ಮಧ್ಯಾಹ್ನ. ಊರೆಲ್ಲ ಮಲಗಿದ್ದ ಹೊತ್ತು. ದ್ರಾಕ್ಷಿ ಚಪ್ಪರದ ಕೆಳಗೆ ಇಬ್ಬರೇ. ವಾಸನೆ ಇನ್ನೂ ಬಂದಿರಲಿಲ್ಲ. ರಮೀರೊ ಕಿತ್ತುಕೊಟ್ಟ ಹಣ್ಣನ್ನು ಅವಳು ಬರೀ ಸಿಹಿ ಎಂದು ತಿನ್ನುತ್ತಿದ್ದಳು.

"ರಮೀರೊ, ನಾನು ಸೂಜಿ ಹಾಕಿಸ್ಕೊಳ್ಳೋಣ ಅಂತಿದ್ದೀನಿ. ಏನಂತೀಯಾ?"

ಅವನ ಕೈ ನಿಂತಿತು.

"ಬೇಡ."

"ಏನು?"

"ಬೇಡ ಅಂದೆ. ಆ ಸೂಜಿ ಬೇಡ, ಒತೀಲಿಯಾ."

"ಯಾಕೆ?"

ಅವನು ಎದ್ದು ಚಪ್ಪರದ ಕಂಬ ಹಿಡಿದು ನಿಂತ. "ದೂರದ ನ್ಯೂಕೆನ್‌ನಲ್ಲಿ ನನ್ನ ಸ್ನೇಹಿತನಿಗೆ ಸೇಬು ತುಂಬೋ ಶೆಡ್ ಇದೆ. ಆ ಕಡೆ ಒಂದೇ ಒಂದು ಆಲಿವ್ ಮರ ಇಲ್ಲ. ಹೂ ಬಿಡೋ ಎರಡು ತಿಂಗಳು ಅಲ್ಲಿ ಹೋಗಿ ಇದ್ದುಬಿಡು. ನಾನು ಮಾತಾಡಿದ್ದೀನಿ ಅವನ ಹತ್ರ."

"ಮಾತಾಡಿದ್ದೀಯಾ...? ನನ್ನ ಕೇಳದೆ?"

"ನಿನ್ನ ಒಳ್ಳೇದಕ್ಕೆ."

"ಪ್ರತಿ ವರ್ಷ ಗಂಟು ಕಟ್ಕೊಂಡು ಹೊರಡ್ಲಾ ನಾನು? ನಿನ್ನ ಹಾಗೆ?"

"ಮೂರು ವರ್ಷ, ಒತೀಲಿಯಾ! ವಾರ ವಾರ ಅದೇ ರಸ್ತೆ, ಅದೇ ಕುರ್ಚಿ, ಅದೇ ಸೂಜಿ... ಯಾಕೆ ಕಟ್ಟಿಹಾಕ್ಕೋಬೇಕು?"

ಒತೀಲಿಯಾ ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟಳು.

'ಅಂದರೆ ಇಷ್ಟೇ. ನಾನು ಮೂರು ವರ್ಷ ಇಲ್ಲೇ ಕಟ್ಟಿಬಿದ್ದರೆ ಇವನೂ ಎಲ್ಲಿ ಕಟ್ಟಿಬೀಳಬೇಕಾಗುತ್ತೋ ಎಂಬ ಭಯ. ಅದಕ್ಕೇ ನನ್ನನ್ನೇ ದೂರ ಕಳಿಸುತ್ತಿದ್ದಾನೆ!'

"ನಿನ್ನನ್ನ ಯಾರೂ ಕಟ್ಟಿಹಾಕ್ತಿಲ್ಲ ಬಿಡು," ಅವಳ ದನಿ ತಣ್ಣಗಿತ್ತು. "ಕಸಿ ಹಿಡಿದಾಯ್ತಲ್ಲ? ಹೊರಡು. ನಿನ್ನ ಪಾಡಿಗೆ ನೀನು, ನನ್ನ ಪಾಡಿಗೆ ನಾನು."

"ನಿನಗೆ ಅರ್ಥ ಆಗಲ್ಲ..."

"ಹಾಗಾದ್ರೆ ಅರ್ಥ ಮಾಡ್ಸು!"

ಅವನ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಕೊನೆಗೆ ಟೋಪಿ ಎತ್ತಿಕೊಂಡು ನಡೆದೇಬಿಟ್ಟ.

ಮರುದಿನ ಬೆಳಿಗ್ಗೆ ಲಾರಿ ಇರಲಿಲ್ಲ. ಕಸಿಗಳಿಗೆ ಯಾವಾಗ ನೀರು, ಯಾವಾಗ ಕಟ್ಟು ಸಡಿಲಿಸಬೇಕು ಎಂದು ಎರಡು ಹಾಳೆ ಬರೆದು ದೊಡ್ಡಮ್ಮನ ಕೈಗೆ ಕೊಟ್ಟು ಹೋಗಿದ್ದ.

"ನನಗೇನಾದ್ರೂ ಹೇಳಿದ್ನಾ, ದೊಡ್ಡಮ್ಮ?"

"ಇಲ್ಲ ಕಣಮ್ಮ."

* * *

ಫೆಬ್ರವರಿ ಬಂತು. ಊರಿಗೆ ಚಾಯಾ ಹಬ್ಬ ಬಂತು.

ಒತೀಲಿಯಾಳಿಗೆ ಹೋಗುವ ಮನಸ್ಸಿರಲಿಲ್ಲ. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಫೋನ್ ತೆಗೆದು ನೋಡುವುದು, ಇಡುವುದು. ಡಾಕ್ಟರರ ಚೀಟಿ ತೆಗೆದು ನೋಡುವುದು, ಮಡಚುವುದು. ತಿಂಗಳು ಮುಗಿಯಲು ಹತ್ತೇ ದಿನ.

"ಎದ್ದೇಳು!" ದೊಡ್ಡಮ್ಮ ಅವಳ ಕೈ ಹಿಡಿದು ಎಳೆದಳು. "ನಿನ್ನ ಮುಖ ನೋಡಿ ನೋಡಿ ನನಗೇ ಉಬ್ಬಸ ಬರೋ ಹಾಗಿದೆ."

ಬೀದಿಯಲ್ಲಿ ಡೋಲು, ಹಾಡು, ಹಿಟ್ಟಿನ ಮೋಡ. ಎಲ್ಲರ ಕಿವಿಯ ಹಿಂದೂ ಕಾಮಕಸ್ತೂರಿ ಕಡ್ಡಿ. ಯಾರೋ ನೀರೆರಚಿದರು, ಯಾರೋ ಕೆನ್ನೆಗೆ ಹಿಟ್ಟು ಬಳಿದರು. ಪಕ್ಕದ ಮನೆಯ ಮುದುಕಿ ಒಂದು ಹಿಡಿ ಕಾಮಕಸ್ತೂರಿ ತಂದು ಅವಳ ತಲೆಯ ಮೇಲೆ ಉಜ್ಜಿ, "ಚೆನ್ನಾಗಿರು ಮಗಳೇ!" ಎಂದಳು.

ಆಗ...

ಒತೀಲಿಯಾ ನಿಂತಲ್ಲೇ ನಿಂತಳು.

ಹಸಿರು. ಲವಂಗದ ಘಾಟಿನ ಹಸಿರು. ಆಮೇಲೆ ಒದ್ದೆ ಹಿಟ್ಟಿನ ವಾಸನೆ. ಆಮೇಲೆ ಬಿಸಿ ಮಣ್ಣು, ಮುದುಕಿಯ ಬಟ್ಟೆಯ ಸೋಪು, ಎಲ್ಲೋ ಕರಿಯುತ್ತಿರುವ ಎಂಪನಾಡ ಕಡುಬು... ಒಂದರ ಹಿಂದೆ ಒಂದು ನುಗ್ಗಿ ಬಂದವು! ನಾಲ್ಕು ತಿಂಗಳಿಂದ ಮುಚ್ಚಿದ್ದ ಲೋಕ ಮೂಗಿನೊಳಗೆ ಒಮ್ಮೆಲೇ ತೆರೆದುಕೊಂಡಿತು.

ಅವಳು ಆ ಸೊಪ್ಪನ್ನು ಮುಖಕ್ಕೆ ಒತ್ತಿಕೊಂಡು ನಡುಬೀದಿಯಲ್ಲಿ ಅತ್ತುಬಿಟ್ಟಳು. ಕೆನ್ನೆಯ ಹಿಟ್ಟು ಕಣ್ಣೀರಿನಲ್ಲಿ ಕಲಸಿಹೋಯಿತು.

'ಇದನ್ನು ನಾನು ಬಿಟ್ಟುಕೊಡಲಾರೆ. ಯಾರಿಗೂ ಹೆದರಿ ಬಿಟ್ಟುಕೊಡಲಾರೆ. ಹೂವಿಗೂ ಇಲ್ಲ, ಸೂಜಿಗೂ ಇಲ್ಲ. ರಮೀರೊ ಬರಲಿ, ಬಾರದಿರಲಿ... ಇದು ನನ್ನ ಮೂಗು, ನನ್ನ ಊರು, ನನ್ನ ಉಸಿರು!'

ಮರುದಿನವೇ ಡಾಕ್ಟರರಿಗೆ ಫೋನ್ ಮಾಡಿದಳು. "ಹಾಕಿಸ್ಕೋತೀನಿ, ಡಾಕ್ಟರ್."

"ಗಟ್ಟಿ ಮನಸ್ಸಾ?"

"ಭಯ ಇದೆ. ಆದ್ರೂ ಗಟ್ಟಿ."

ಮಾರ್ಚ್ ಒಂಬತ್ತಕ್ಕೆ ದಿನ ಗೊತ್ತಾಯಿತು. ಆದರೂ ಒಳಗೊಂದು ಮುಳ್ಳು. ರಮೀರೊ 'ಬೇಡ' ಅಂದಾಗ ಅವನ ಹಣೆಯಲ್ಲಿದ್ದ ಆ ಬೆವರು... ಊರು ಬಿಟ್ಟು ಹೋಗುವ ಗಂಡಸಿಗೆ ಅಷ್ಟು ಬೆವರು ಬರುತ್ತದೆಯೇ? ಅದು ತಪ್ಪಿಸಿಕೊಳ್ಳುವವನ ಮುಖವಲ್ಲ. ಹೆದರಿದವನ ಮುಖ. ಯಾವುದಕ್ಕೆ?

"ದೊಡ್ಡಮ್ಮ, ಅವನ ಮನೆಯವರ ನಂಬರ್ ಇದೆಯಾ ನಿನ್ನ ಹತ್ರ?"

"ತಂಗೀದು ಕೊಟ್ಟಿದ್ದ, ಮರದಿಂದ ಬಿದ್ದುಗಿದ್ದು ಹೋದ್ರೆ ಹೇಳೋಕೆ ಅಂತ. ಕ್ಯಾಲೆಂಡರ್ ಹಿಂದೆ ನೋಡು."

* * *

"ಹಲೋ, ಯಾರು? ಏಯ್, ಇಳೀರೋ ಮೇಜಿಂದ ಕೆಳಗೆ! ...ನಿಮಗಲ್ಲ ಕಣ್ರೀ, ನನ್ನ ಮಕ್ಕಳಿಗೆ. ಹೇಳಿ."

ರಮೀರೊನ ತಂಗಿ ಸುಲೇಮಾಳ ದನಿಗೇ ಒಂದು ಸಂತೆ ತುಂಬುವಷ್ಟು ಜೋರಿತ್ತು. ಒತೀಲಿಯಾ ಹೆಸರು ಹೇಳಿದ್ದೇ ತಡ, ಆ ಕಡೆ ಮಕ್ಕಳನ್ನು ಹೊರಗಟ್ಟಿ ಬಾಗಿಲು ಹಾಕಿದ ಸದ್ದು ಕೇಳಿಸಿತು.

"ನೀವೇನಾ ಆ ಎಣ್ಣೆ ಹುಡುಗಿ?"

"ನನ್ನ ವಿಷಯ... ಹೇಳಿದ್ದಾನಾ?"

"ಹತ್ತು ವರ್ಷದಲ್ಲಿ ನಮ್ಮಣ್ಣ ಫೋನಲ್ಲಿ ಎರಡು ನಿಮಿಷದ ಮೇಲೆ ಮಾತಾಡಿದ್ದು ನಿಮ್ಮ ವಿಷಯ ಮಾತ್ರ. ಈಗ ಕತಮಾರ್ಕದಲ್ಲಿ ಯಾವುದೋ ತೋಟದಲ್ಲಿದ್ದಾನೆ. ದನಿ ಕೇಳಿದ್ರೆ ಹೆಣದ ಹಾಗಿದೆ. ಏನಾಯ್ತು ನಿಮ್ಮಿಬ್ಬರಿಗೆ?"

ಒತೀಲಿಯಾ ಎಲ್ಲವನ್ನೂ ಹೇಳಿದಳು. 'ಸೂಜಿ' ಎಂಬ ಮಾತು ಬಂದಾಗ ಸುಲೇಮಾ ಉದ್ದಕ್ಕೆ ಉಸಿರುಬಿಟ್ಟಳು.

"ಅಯ್ಯೋ ಈ ದಡ್ಡ! ಇನ್ನೂ ಅದನ್ನ ಹೊತ್ಕೊಂಡೇ ತಿರುಗ್ತಿದ್ದಾನಾ? ಕೇಳಿ, ಒತೀಲಿಯಾ. ನನಗೂ ನಿಮ್ಮದೇ ಕಾಯಿಲೆ. ಆಲಿವ್ ಹೂವು. ನನಗಾಗ ಹದಿನಾಲ್ಕು, ಅವನಿಗೆ ಹತ್ತೊಂಬತ್ತು. ಸೂಜಿಗೆ ಆಸ್ಪತ್ರೆ ದೂರ, ಅವತ್ತು ಬಸ್ ಇಲ್ಲ, ಮದ್ದಿನ ಸೀಸೆ ಮಾತ್ರ ಮನೇಲಿತ್ತು. ಅವನಿಗೆ ಕುದುರೆಗಳಿಗೆ ಸೂಜಿ ಹಾಕಿ ಅಭ್ಯಾಸ ಇತ್ತು. 'ಕೊಡೋ ಅಣ್ಣ, ನೀನೇ ಹಾಕು' ಅಂತ ಪೀಡಿಸಿದವಳು ನಾನೇ. ಹಾಕಿದ. ನಾನು ಕೂರದೆ ಕಾಲುವೆ ಕಡೆ ಆಡೋಕೆ ಓಡಿದೆ. ಅಲ್ಲೇ ಬಿದ್ದೆ."

ಒತೀಲಿಯಾಳ ಕೈ ಬಾಯಿಗೆ ಹೋಯಿತು.

"ಬದುಕಿದೆ ಬಿಡಿ! ಅವನೇ ಹೊತ್ಕೊಂಡು ಓಡಿ ಬದುಕಿಸಿದ. ಆದ್ರೆ ಅಪ್ಪ ಅವತ್ತು ಆಡಬಾರದ ಮಾತಾಡಿದ್ರು. ಆ ವಾರವೇ ಮನೆ ಬಿಟ್ಟ. ಆಮೇಲೆ ಎಲ್ಲೂ ನಿಲ್ಲಲಿಲ್ಲ."

ಕಣ್ಣು ಮುಚ್ಚಬೇಡಿ... ದಯವಿಟ್ಟು ಕಣ್ಣು ಮುಚ್ಚಬೇಡಿ... ಆ ದನಿ ಯಾಕೆ ನಡುಗುತ್ತಿತ್ತೆಂದು ಅವಳಿಗೆ ಈಗ ತಿಳಿಯಿತು.

"ನೀವು ಆಮೇಲೆ... ಸೂಜಿ ನಿಲ್ಲಿಸಿಬಿಟ್ರಾ?"

"ನಿಲ್ಲಿಸೋದಾ? ನಾನಾ? ಎರಡು ವರ್ಷ ಬಿಟ್ಟು ಮತ್ತೆ ಶುರು ಮಾಡಿದೆ, ಆಸ್ಪತ್ರೇಲಿ, ಸರಿಯಾಗಿ. ನಾಲ್ಕು ವರ್ಷ ಹಾಕಿಸ್ಕೊಂಡೆ. ಈಗ ಆಲಿವ್ ತೋಟದ ನಡುವೇನೇ ನನ್ನ ಮನೆ! ಹೂವಿನ ಕಾಲಕ್ಕೆ ಸ್ವಲ್ಪ ಸೀನು, ಅಷ್ಟೇ. ಅವನಿಗೆ ಇದು ಗೊತ್ತೇ ಇಲ್ಲ ಕಣ್ರೀ. ಸೂಜಿ ಅಂದ್ರೆ ಸಾಕು, ಫೋನ್ ಇಟ್ಟುಬಿಡ್ತಾನೆ."

ಒತೀಲಿಯಾ ಕ್ಯಾಲೆಂಡರ್ ತಿರುಗಿಸಿ ಮಾರ್ಚ್ ತಿಂಗಳು ತೆಗೆದಳು.

"ಸುಲೇಮಾ, ಅವನಿಗೆ ಒಂದು ಮಾತು ಮುಟ್ಟಿಸ್ತೀರಾ? ಮಾರ್ಚ್ ಒಂಬತ್ತು, ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಮೊದಲನೇ ಸೂಜಿ. ಬಾ ಅಂತ ಅಲ್ಲ. ಹೆದರಬೇಡ ಅಂತ."

"ಈ ಸಲ ಫೋನ್ ಇಟ್ರೆ, ನಾನೇ ಬಸ್ ಹತ್ತಿ ಹೋಗಿ ಅವನ ಕಿವಿ ಹಿಂಡ್ತೀನಿ!"

* * *

ಮಾರ್ಚ್ ಒಂಬತ್ತು.

ನರ್ಸು ಅವಳ ಉಸಿರಿನ ಬಲ ಅಳೆದಳು, ಹೆಸರು ಎರಡು ಸಲ ಕೇಳಿದಳು, ಸೀಸೆಯ ಮೇಲಿನ ಹೆಸರನ್ನು ಅವಳಿಗೇ ತೋರಿಸಿದಳು. ತೋಳಿನ ಹಿಂದೆ ಸಣ್ಣ ಸೂಜಿ. ಇರುವೆ ಕಚ್ಚಿದಷ್ಟೇ.

"ಇಷ್ಟೇನಾ?" ಒತೀಲಿಯಾಳಿಗೆ ನಂಬಿಕೆಯಾಗಲಿಲ್ಲ. ಇಷ್ಟಕ್ಕಾ ಇಷ್ಟು ತಿಂಗಳ ತಳಮಳ!

"ಅರ್ಧ ಗಂಟೆ ಆ ಬೆಂಚಿನ ಮೇಲೆ. ತುರಿಕೆ, ಕೆಮ್ಮು, ತಲೆಸುತ್ತು, ಏನಾದ್ರೂ ತಕ್ಷಣ ಕೂಗಿ."

ದೊಡ್ಡಮ್ಮ ಜಪಮಾಲೆ ಹಿಡಿದು ಕೂತಿದ್ದಳು. ಐದು ನಿಮಿಷ ಹೋಯಿತು. ಏಳಾಯಿತು. ಒತೀಲಿಯಾಳ ಕಣ್ಣು ಬೇಡವೆಂದರೂ ಬಾಗಿಲ ಕಡೆಗೇ.

ಬಾಗಿಲು ತಳ್ಳಿಕೊಂಡು ಅವನು ಒಳಗೆ ಬಂದ. ಗಡ್ಡ ಬೆಳೆದಿದೆ. ಕಣ್ಣು ಕೆಂಪಾಗಿದೆ. ಅವಳ ತೋಳಿನ ಹತ್ತಿಯನ್ನು ಕಂಡು ಗೋಡೆ ಹಿಡಿದು ನಿಂತ.

"ಹಾಕಿಬಿಟ್ರಾ?"

"ಹಾಕಿಬಿಟ್ರು."

"ಎಷ್ಟು ಹೊತ್ತಾಯ್ತು? ಉಸಿರು? ಉಸಿರು ಸರಿಯಾಗಿ ಬರ್ತಿದೆಯಾ? ತುಟಿ ಊದಿದೆಯಾ? ಇಲ್ಲಿ ನೋಡು, ನನ್ನ ಕಡೆ ನೋಡು..."

"ರಮೀರೊ. ಕೂತ್ಕೊ."

ದೊಡ್ಡಮ್ಮ ತಟ್ಟನೆ ಎದ್ದಳು. "ನಾನು ಸ್ವಲ್ಪ ನೀರು ಕುಡಿದು ಬರ್ತೀನಪ್ಪಾ. ನನ್ನ ಗಂಟಲು ಒಣಗಿದೆ," ಎಂದು ಜಪಮಾಲೆ ಸಮೇತ ಹೊರಗೆ ಹೋದಳು.

ಅವನು ಕೂತ. ಒತೀಲಿಯಾ ಅವನ ಎರಡು ಕೈಗಳನ್ನೂ ತನ್ನ ಕೈಯೊಳಗೆ ತೆಗೆದುಕೊಂಡಳು.

"ಊರಿಗೆ ಹೋಗಿದ್ದೆ," ಅವನು ನೆಲ ನೋಡುತ್ತಾ ಹೇಳಿದ. "ಸುಲೇಮಾ ಬಾ ಅಂದ್ಲು. ಹದಿನಾಲ್ಕು ವರ್ಷ ಆದ್ಮೇಲೆ ಹೋದೆ. ಆಲಿವ್ ಮರದ ಕೆಳಗೆ ನಿಂತ್ಕೊಂಡು ನನ್ನ ನೋಡಿ ನಕ್ಕಳು... ನಾಲ್ಕು ವರ್ಷ ಹಾಕಿಸ್ಕೊಂಡ್ಲಂತೆ, ಒತೀಲಿಯಾ. ನನಗೆ ಗೊತ್ತೇ ಇರ್ಲಿಲ್ಲ. ಅಪ್ಪ ಬಾಗಿಲಿಗೆ ಬಂದ್ರು. ತಟ್ಟೆ ಇಟ್ಟು ಬಡಿಸಿದ್ರು."

"ಊಟ ಮಾಡಿದ್ಯಾ?"

"ಮಾಡಿದೆ. ಅಳ್ತಾ ಮಾಡಿದೆ."

ಅವಳ ಕಣ್ಣೂ ತುಂಬಿತು. "ಅವತ್ತು ಚಪ್ಪರದ ಕೆಳಗೆ ಇದನ್ನೇ ಹೇಳಬಹುದಿತ್ತಲ್ಲ? ನೀನು ನನ್ನನ್ನ ಬಿಟ್ಟು ಹೋಗೋಕೆ ನೆಪ ಹುಡುಕ್ತಿದ್ದೀಯ ಅಂದ್ಕೊಂಡೆ."

"ಬಿಟ್ಟು ಹೋಗೋದಾ? ನಿನಗೇನಾದ್ರೂ ಆಗಿಬಿಟ್ರೆ ಅಂತ... ನೀನು ಎಲ್ಲಾದ್ರೂ ಇರು, ಬದುಕಿರು ಅಂತ..." ಅವನ ಮಾತು ಒಡೆಯಿತು. "ನಿನ್ನ ಕಂಡ್ರೆ ನನಗೆ ಪ್ರಾಣ, ಒತೀಲಿಯಾ. ಅದನ್ನ ಹೇಳೋಕೆ ಬರದೆ ಸೇಬಿನ ಶೆಡ್ಡು ಅಂದೆ!"

ಅವಳಿಗೆ ಅಳುವಿನ ನಡುವೆಯೇ ನಗು ಉಕ್ಕಿತು. "ನೀನು ಬರದಿದ್ರೂ ನಾನು ಹಾಕಿಸ್ಕೋತಿದ್ದೆ. ಗೊತ್ತಾ?"

"ಗೊತ್ತು. ಅದಕ್ಕೇ ಬರೋ ಧೈರ್ಯ ಬಂತು."

ಡಾಕ್ಟರ್ ಬ್ರಿಸುವೇಲಾ ಬಂದು ಅವಳ ತೋಳು ಒತ್ತಿ ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು. "ಸಣ್ಣ ಊತ, ಅಷ್ಟೇ. ಮುಂದಿನ ಸೋಮವಾರ ಮತ್ತೆ ಬನ್ನಿ. ಇನ್ನೊಂದು ವಿಷಯ. ನಿಮ್ಮ ಪರೀಕ್ಷೆಗಳನ್ನ ಮತ್ತೆ ನೋಡ್ದೆ. ದಮ್ಮೂ ಇರೋದ್ರಿಂದ ನಿಮಗೆ ಮೂರಲ್ಲ, ಐದು ವರ್ಷ ಬೇಕಾಗಬಹುದು. ಬೇಜಾರಿಲ್ಲ ತಾನೇ?"

ಒತೀಲಿಯಾ ಉತ್ತರಿಸುವ ಮೊದಲೇ ರಮೀರೊ ಎದ್ದು ನಿಂತಿದ್ದ.

"ಆರು ಮಾಡೋಕಾಗಲ್ವಾ, ಡಾಕ್ಟರ್?"

ಡಾಕ್ಟರ್ ಕನ್ನಡಕದ ಮೇಲಿಂದ ಅವನನ್ನು ನೋಡಿದರು. "ಇವರ್ಯಾರು?"

"ವಾರ ವಾರ ಇವಳನ್ನ ಕರ್ಕೊಂಡು ಬರೋನು," ಅವನು ಹೇಳಿದ. "ಸಂಘದ ಸಸಿತೋಟದಲ್ಲಿ ಕಾಯಂ ಕೆಲಸ ಕೇಳಿದ್ದೀನಿ. ಇವತ್ತಿಂದ ಐಮೊಗಾಸ್ತಾದೋನು."

ಡಾಕ್ಟರ್ ತುಟಿಯಂಚಿನಲ್ಲಿ ನಗು ತಡೆದು ಒಳಗೆ ಹೋದರು. ಒತೀಲಿಯಾ ಅವನ ಅಂಗಿಯ ತೋಳು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು.

"ಸೂಜಿ ಎಲ್ಲಾ ಮುಗಿದ್ಮೇಲೆ? ಆಮೇಲೆ ಏನು ನೆಪ ಹೇಳ್ತೀಯಾ?"

"ನೆಪ ಇಲ್ದೆ ಇರಬಹುದಾ ನಾನು?"

ಅವಳು ಅವನ ಭುಜಕ್ಕೆ ತಲೆಯಿಟ್ಟಳು. ಗೋಡೆಯ ಗಡಿಯಾರದಲ್ಲಿ ಇನ್ನೂ ಹನ್ನೊಂದು ನಿಮಿಷ ಬಾಕಿ ಇತ್ತು.

"ಇರು," ಎಂದಳು.